ಅರ್ಧ ಕರಟ ಕಾಮಾಲೆ ಮದ್ದು

ವೈರಸ್ಸು, ಲಸಿಕೆ ಎಂದು ಜೀವಮಾನವಿಡೀ ನೀವು ಕಡಿದು ಗುಡ್ಡೆ ಹಾಕಿದ್ದೇನು ಎಂದು ಕೇಳುವವರಿಗೆ ನಾನು ಪ್ರಯೋಗಾಲಯದ ಕಥೆ ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ನಡೆಯುವುದು ಬಹುಪಾಲು ಪಾತ್ರೆ ತೊಳೆಯುವ ಕೆಲಸ. ಮನೆಯಲ್ಲಿ ತೊಳೆದರೆ ಹೆಂಗಸು, ಅಲ್ಲಿ ತೊಳೆದರೆ ವಿಜ್ಞಾನಿ, ಅಷ್ಟೇ ವ್ಯತ್ಯಾಸ. ನಾನು ಹೇಳುವುದು ಒಂದು ತೆಂಗಿನ ಕರಟದ ಕಥೆ. ಆ ಕರಟದಲ್ಲಿ ಅರ್ಧ ಉಳಿದಿದ್ದ ಹಸಿರು ನೀರನ್ನು ಕುಡಿಯಬೇಕಾಗಿದ್ದವಳು ಬಸುರಿಯಾಗಿದ್ದ ನನ್ನ ಅಕ್ಕ. ಕುಡಿದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಕುಡಿಯದಿದ್ದರೆ ಅವಳ ಗಂಡ ಉಳಿಯುವುದಿಲ್ಲ ಎಂದು ಊರಿಗೆಲ್ಲ ಪೂರ್ತಿ ಖಾತ್ರಿಯಾಗಿತ್ತು.

ಅರವತ್ತರ ದಶಕದ ಮಾತು. ಕುಮಟೆಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎಂದರೆ, ನೋಡಲು ಬಂದ ಗಂಡುಗಳ ಮುಂದೆ ಚಾಪೆಯ ಮೇಲೆ ಕುಳಿತಿದ್ದೆ. ಕೆಮಿಸ್ಟ್ರಿ ಓದಿದ ಹುಡುಗಿ ಸಾರಿಗೆ ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಾಳೋ ಏನೋ ಎಂದು ಅವರಿಗೆ ಸಂಶಯ. ಉಪ್ಪಿಟ್ಟು ತಿಂದು, ಪತ್ರ ಬರೆಯುತ್ತೇವೆ ಎಂದು ಹೋಗುತ್ತಿದ್ದರು. ನಮ್ಮ ಅಂಚೆಯವನಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಭಟ್ಕಳದಿಂದ ಕುಮಟೆಯವರೆಗೆ ಕಾಮಾಲೆ ಎದ್ದಿತು. ಮನೆಗೊಬ್ಬರಂತೆ ಕಣ್ಣು ಹಳದಿ, ಮೂತ್ರ ಸಾಸಿವೆ ಎಣ್ಣೆಯ ಬಣ್ಣ, ಅನ್ನ ಕಂಡರೆ ವಾಕರಿಕೆ. ದೂರದ ದೊಡ್ಡ ಪ್ರಯೋಗಾಲಯವೊಂದರಿಂದ ಒಬ್ಬ ಸಾಹೇಬರು ಜೀಪು ಹೊಡೆಸಿಕೊಂಡು ಬಂದಿಳಿದರು. ಕಾಮಾಲೆಯ ಮೂಲ ಹುಡುಕುವುದು ಅವರ ಕೆಲಸ. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮುಂಬಯಿ ಸರಕಾರದ ಕಾಲ ಕಂಡಿದ್ದ ನಮ್ಮ ಹಿರಿಯರಿಗೆ ಅಷ್ಟಿಷ್ಟು ಮರಾಠಿ ತಿಳಿಯುತ್ತಿತ್ತು, ನಿಜ. ಆದರೆ ಅದು ಕಚೇರಿಯಲ್ಲಿ ಕೈಮುಗಿಯುವ ಮರಾಠಿ. ಮಲದ ಬಣ್ಣ ವರ್ಣಿಸುವ ಮರಾಠಿಯಲ್ಲ. ಹಾಗಾಗಿ ಕನ್ನಡ, ಕೊಂಕಣಿ, ಪೇಟೆಯ ಉರ್ದು ಮೂರೂ ಬರುವ, ರಕ್ತ ಕಂಡು ಬವಳಿ ಬೀಳದ ಒಬ್ಬರು ಬೇಕಾಗಿದ್ದರು. ವಿಜ್ಞಾನಕ್ಕೆ ನಾನು ಸೇರಿದ್ದು ನಾಲಿಗೆಯ ಬಲದಿಂದ. ಬುದ್ಧಿಯ ವಿಚಾರಣೆ ಯಾರೂ ಮಾಡಲಿಲ್ಲ.

ಆಗಿನ ನಮ್ಮ ವಿಜ್ಞಾನದ ವೈಭವವನ್ನೂ ಹೇಳಿಬಿಡುತ್ತೇನೆ. ರಕ್ತದ ನಳಿಗೆಗಳನ್ನು ತಣ್ಣಗಿಡಬೇಕು. ಮಂಜುಗಡ್ಡೆ ಸಿಗುತ್ತಿದ್ದುದು ದೋಣಿಗಳು ನಿಲ್ಲುವ ಮೀನಿನ ಧಕ್ಕೆಯಲ್ಲಿ ಮಾತ್ರ. ಹೊನ್ನಾವರದಲ್ಲಿ ಆಗ ಶರಾವತಿಗೆ ಸೇತುವೆಯಿರಲಿಲ್ಲ, ಲಾಂಚಿನಲ್ಲೇ ದಾಟಬೇಕು. ಲಾಂಚಿನವನಿಗೆ ಚಹಾ ಕುಡಿಯುವ ಮನಸ್ಸಾದರೆ ಈ ದಡದಲ್ಲಿ ಮಂಜು, ಆ ದಡದಲ್ಲಿ ನೀರು. ಹಾಗಾಗಿ ದಾರಿಯುದ್ದಕ್ಕೂ ಮೀನಿನವರ ಹತ್ತಿರ ಬೇಡಿಕೊಂಡು ಮಂಜು ತುಂಬುತ್ತಿದ್ದೆವು. ನಮ್ಮ ಜಿಲ್ಲೆಯ ರಕ್ತವೆಲ್ಲ ಬಂಗುಡೆಯ ವಾಸನೆ ಹೊತ್ತುಕೊಂಡೇ ಪ್ರಯೋಗಾಲಯ ತಲುಪಿತು. ಅಲ್ಲಿಯವರು ನಮ್ಮ ಜನರ ಬಗ್ಗೆ ಏನೆಂದುಕೊಂಡರೋ ದೇವರಿಗೇ ಗೊತ್ತು.

ಸಾಹೇಬರಿಗೆ ವಾರಕ್ಕೊಂದು ಸಿದ್ಧಾಂತ ಹೊಳೆಯುತ್ತಿತ್ತು. ಮೊದಲು ಬಾವಿಗಳೇ ಕಾರಣ ಎಂದರು. ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳಲ್ಲಿ ಒಂದು ಹಳದಿ, ಒಂದು ಬಿಳಿ. ಬಾವಿ ಬಿದ್ದುಹೋಯಿತು. ಆಮೇಲೆ ಕಾಗಾಲದ ಕಡೆ ಹೋಗಿ, ಅಘನಾಶಿನಿಯ ಬಳಚು ತಿನ್ನುವುದೇ ಕಾರಣ ಎಂದರು. ಚಿಪ್ಪಿನೊಳಗಿನ ಆ ಬಡಪಾಯಿ ಜೀವದ ಮೇಲೆ ಎರಡು ದಿನ ಇಂಗ್ಲಿಷಿನಲ್ಲಿ ಭಾಷಣವಾಯಿತು. ಮೂರನೆಯ ದಿನ ಬಳಚನ್ನು ಕಣ್ಣಿನಲ್ಲೂ ನೋಡದ ಮನೆಯ ಯಜಮಾನರು ಹಳದಿ ಕಣ್ಣು ಬಿಟ್ಟುಕೊಂಡು ಬಾಗಿಲು ತೆರೆದರು. ಸಾಹೇಬರು ಅವರನ್ನು ನಂಬಲೇ ಇಲ್ಲ. ಕದ್ದು ತಿಂದಿರಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದರು.

ಈಗ ಮದ್ದಿನ ವಿಷಯ. ನಮ್ಮಲ್ಲಿ ಕಾಮಾಲೆ ಬಂದರೆ ಯಾರೂ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಹೊನ್ನಾವರದಿಂದ ಹಳದೀಪುರಕ್ಕೆ ಹೋಗುವ ದಾರಿಯಲ್ಲಿ, ಒಳಕ್ಕೆ ಒಂದು ಗೇರುಗುಡ್ಡ. ಅದರ ಬುಡದಲ್ಲೊಬ್ಬ ಅಜ್ಜ ಭಾನುವಾರ ಬೆಳಿಗ್ಗೆ ಮದ್ದು ಕೊಡುತ್ತಿದ್ದ. ದುಡ್ಡು ಮುಟ್ಟುವವನಲ್ಲ, ಒಂದು ತೆಂಗಿನಕಾಯಿ ಕೊಟ್ಟರೆ ಸಾಕು. ಸೊಪ್ಪು ಅರೆದು, ಮನೆಯೆದುರಿನ ಹೊಂಡದ ನೀರಿನಲ್ಲಿ ಕದಡಿ, ಕರಟದಲ್ಲಿ ತುಂಬಿ ಕೊಡುತ್ತಿದ್ದ. ರೋಗಿ ಮೊದಲು ಆ ಹೊಂಡದಲ್ಲಿ ಕೈಕಾಲು, ಬಾಯಿ, ಕಣ್ಣು ತೊಳೆಯಬೇಕು. ಆಮೇಲೆ ಕರಟದಲ್ಲಿ ಅರ್ಧ ಕುಡಿಯಬೇಕು. ಉಳಿದರ್ಧವನ್ನು ಜೊತೆಗೆ ಬಂದವರು ಕುಡಿಯಬೇಕು. ಚೆಲ್ಲಬಾರದು. ಚೆಲ್ಲಿದರೆ ರೋಗಿಗೆ ಮದ್ದು ಹಿಡಿಯುವುದಿಲ್ಲ, ಕುಡಿದರೆ ಜೊತೆಯವರಿಗೆ ಕಾಮಾಲೆ ಹತ್ತುವುದಿಲ್ಲ. ಒಂದೇ ಕರಟದಲ್ಲಿ ಮದ್ದೂ ಆಯಿತು, ಲಸಿಕೆಯೂ ಆಯಿತು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಸಾಹೇಬರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ಅನ್ನ ತಿನ್ನುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ?

ಕೊನೆಗೆ ಬಾಯಿ ಬಿಟ್ಟವರು ಭಟ್ಕಳದ ನವಾಯತ ಮುಸಲ್ಮಾನರ ಒಬ್ಬ ಮುದುಕಿ. ಬಾಗಿಲಿನ ಪರದೆಯ ಹಿಂದಿನಿಂದ ತೋಳು ಮಾತ್ರ ಹೊರಗೆ ಚಾಚಿ ಕುಳಿತಿದ್ದರು. ಸೂಜಿ ಚುಚ್ಚಿದ್ದಕ್ಕೆ ಕೈ ಅಲುಗಾಡಲಿಲ್ಲ, ನಾಲಿಗೆ ನಿಲ್ಲಲಿಲ್ಲ.

"ಅರೇ ಬೇಟಿ, ಇಷ್ಟು ರಕ್ತ ತಕ್ಕಂಡು ಎಂತ ಮಾಡ್ತಿ? ನಿಮ್ ಸಾಹೇಬ್ರು ಚಹಾದ್ ಬದ್ಲು ಕುಡೀತ್ರಾ?"

"ಪರೀಕ್ಷೆ ಮಾಡೂಕೆ, ಅಮ್ಮಾ."

"ಪರೀಕ್ಷೆ ಎಂತಕ್ಕೆ? ನನ್ ಕಣ್ಣು ನೋಡು. ಹಳದಿ. ಪಾಸು!" ಎಂದು ಪರದೆ ಸರಿಸಿ ಮುಖ ತೋರಿಸಿದರು. "ಮೊದ್ಲು ಬಂದದ್ದು ನನ್ ಸೊಸೆಗೆ. ಅವ್ಳನ್ನ ಕರ್ಕಂಡು ಮದ್ದಿಗೆ ಹೋದವ್ಳು ನಾನು. ಅವ್ಳು ಅರ್ಧ ಕುಡಿದ್ಲು, ನಾ ಅರ್ಧ ಕುಡಿದೆ. ತಿಂಗ್ಳಾತು. ಈಗ ನೋಡು, ಅವ್ಳು ಮೀನು ಹುರೀತಾಳೆ, ನಾನು ವಾಸ್ನೆ ತಕ್ಕಂಡು ಗಂಜಿ ಕುಡೀತೆ. ನಸೀಬು!"

ಸಾಹೇಬರು, ಮುದುಕಿ ಏನೆಂದರು ಎಂದು ಕೇಳಿದರು. ನಸೀಬು ಎಂದರು ಸರ್, ಎಂದೆ. ಅದನ್ನು ಬರೆದುಕೊಳ್ಳಲು ಅವರ ಕಾಗದದಲ್ಲಿ ಜಾಗವಿರಲಿಲ್ಲ.

ಅದೇ ವಾರ ಭಟ್ಕಳದ ಪಕ್ಕದ ಜಾಲಿ ಎಂಬ ಊರಿನಲ್ಲಿ ಒಂದು ಮನೆಗೆ ಹೋದೆವು. ಅಂಗಳದಲ್ಲಿ ಜನ ನೆರೆದಿದ್ದರು. ನನ್ನ ವಯಸ್ಸಿನವಳು, ಏಳು ತಿಂಗಳ ಬಸುರಿ, ಬೆಳಿಗ್ಗೆ ಸತ್ತಿದ್ದಳು. ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಬೇರೆಯವರಿಗೆ ಕಾಮಾಲೆ ಎಂದರೆ ಒಂದೆರಡು ತಿಂಗಳ ಗಂಜಿ. ಬಸುರಿಗೆ ಬಂದರೆ ಕಥೆಯೇ ಬೇರೆ ಎಂದು ಸಾಹೇಬರು ಓದಿ ತಿಳಿದಿದ್ದರು, ಊರಿನ ಸೂಲಗಿತ್ತಿಯರು ಕಂಡು ತಿಳಿದಿದ್ದರು. ಪ್ರಶ್ನೆಗಳ ಕಾಗದವನ್ನು ನಾನು ಮಡಚಿ ಚೀಲಕ್ಕೆ ಹಾಕಿದೆ. ಅವಳ ತಾಯಿಯೇ ನನ್ನ ಕೈ ಹಿಡಿದು ಹೇಳಿದರು: "ಗಂಡಂಗೆ ಬಂದಿತ್ತು, ತಂಗಿ. ಇವ್ಳಿಗೆ ಹತ್ಬಾರ್ದು ಅಂದ್ಕಂಡು ಅರ್ಧ ಕುಡಿಸ್ಕಂಡು ಬಂದ್ರು. ಕುಡಿದ್ರೂ ಬಂತಲ್ಲೇ!"

ವಾಪಸು ಬರುವಾಗ ಲಾಂಚಿನಲ್ಲಿ ನನ್ನೆದುರಿಗೆ ಒಬ್ಬ ಹಳದಿ ಕಣ್ಣಿನವ ಮುದುಡಿ ಕುಳಿತಿದ್ದ. ಪಕ್ಕದಲ್ಲಿ ಅವನ ಭಾವ, ಎಮ್ಮೆಯಂಥ ಆಳು, ಕಡಲೆ ಮೆಲ್ಲುತ್ತಿದ್ದ.

"ಮದ್ದಿಗಾ?" ಎಂದೆ.

"ಹೌದ್ರಾ."

"ಅರ್ಧ ಯಾರು ಕುಡೂದು?"

"ನಾನೇಯಾ. ನಂಗೆಂತ ಆತದೆ?" ಎಂದು ಎದೆ ತಟ್ಟಿಕೊಂಡ.

ಆಗ ನನಗೆ ಹೊಳೆಯಿತು. ನಾನು ಮುಂದಿನ ತಿಂಗಳ ರೋಗಿಯನ್ನು ನೋಡುತ್ತಿದ್ದೆ. ದೂರದಿಂದ ಬಂದವರು ಹಿಂದಿನ ದಿನವೇ ಬಂದು ಗುಡ್ಡದ ಬುಡದಲ್ಲಿ ಮಲಗುತ್ತಿದ್ದರು. ಬೆಳಗಿನ ಕೆಲಸಕ್ಕೆ ಗೇರು ಮರಗಳ ಸಂದಿಗೆ ಹೋಗುತ್ತಿದ್ದರು. ಗುಡ್ಡ ಮೇಲೆ, ಹೊಂಡ ಕೆಳಗೆ, ನಡುವೆ ಮಳೆ. ಕಾಮಾಲೆಯವರ ಹೊಟ್ಟೆಯದ್ದೆಲ್ಲ ಇಳಿದು ಬರುವ ನೀರಿನಲ್ಲೇ ಮದ್ದು ಕದಡುತ್ತಿದ್ದರು. ರೋಗಿಗೆ ಅದರಿಂದ ಹೊಸದಾಗಿ ಏನೂ ಆಗಬೇಕಾಗಿರಲಿಲ್ಲ, ಬರುವುದು ಮೊದಲೇ ಬಂದಿತ್ತು. ಜೊತೆಗೆ ಹೋದವರು ಮಾತ್ರ ಗಟ್ಟಿಮುಟ್ಟಾಗಿ ಹೋಗಿ, ಕಾಮಾಲೆ ತೆಗೆದುಕೊಂಡು ಬರುತ್ತಿದ್ದರು. ತಿಂಗಳ ನಂತರ ಅವರನ್ನು ಕರೆದುಕೊಂಡು ಮತ್ತೊಬ್ಬರು ಹೋಗುತ್ತಿದ್ದರು.

ನಾನು ಈ ಜ್ಞಾನೋದಯದಿಂದ ಉಬ್ಬಿ ಮನೆಗೆ ಬಂದರೆ, ಅಕ್ಕನ ಗಂಡನ ಮನೆಯಿದ್ದ ಹಳದೀಪುರದಿಂದ ಸುದ್ದಿ ಕಾಯುತ್ತಿತ್ತು: ಭಾವನಿಗೆ ಕಾಮಾಲೆ. ಭಾನುವಾರ ಮದ್ದಿಗೆ ಹೋಗುತ್ತಾರೆ. ಜೊತೆಗೆ ಅಕ್ಕ.

ಮರುದಿನವೇ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಸಿಗರೇಟು ಹಚ್ಚಿಕೊಂಡು ಸಾವಧಾನವಾಗಿ ಕೇಳಿದರು.

"ಕಲ್ಪನೆ ಚೆನ್ನಾಗಿದೆ. ಪುರಾವೆ?"

"ಸರ್, ಈ ಭಾನುವಾರ ನನ್ನ ಅಕ್ಕ ಕುಡಿಯುತ್ತಾಳೆ. ಅವಳು ಬಸುರಿ."

"ಬಸುರಿಯೇ? ಎಷ್ಟು ತಿಂಗಳು?" ಸಾಹೇಬರ ಕಣ್ಣುಗಳು ಹಬ್ಬದ ಪಾರ್ಸೆಲ್ಲು ಬಂದವರ ಕಣ್ಣಿನಂತೆ ಹೊಳೆದವು. "ಕುಡಿಯುವ ಮೊದಲು ಒಮ್ಮೆ ರಕ್ತ ತೆಗೆಯೋಣ. ಕುಡಿದ ಮೇಲೆ ವಾರಕ್ಕೊಮ್ಮೆ. ಇಂಥ ರಕ್ತ ಯಾರ ಹತ್ತಿರವೂ ಇರಲಾರದು!"

"ಸರ್, ಅವಳು ನನ್ನ ಅಕ್ಕ."

"ಹಾಗಾದರೆ ಒಪ್ಪಿಗೆ ಪಡೆಯುವುದು ಸುಲಭವಾಯಿತಲ್ಲ."

ದುಷ್ಟರೆಂದುಕೊಳ್ಳಬೇಡಿ. ಅವರು ಬಹಳ ಸಭ್ಯರು, ಇರುವೆಯನ್ನೂ ದಾಟಿಕೊಂಡು ನಡೆಯುವವರು. ಅಂಥ ಸಭ್ಯರನ್ನು ಮುಂದೆ ಈ ವೃತ್ತಿಯಲ್ಲಿ ಬೇಕಾದಷ್ಟು ಕಂಡೆ. ಮುಂದೆ ಕೂತಿರುವವರು ಮನುಷ್ಯರು ಎಂದು ಅವರಿಗೆ ಗೊತ್ತಿರುತ್ತದೆ. ಆ ಕ್ಷಣಕ್ಕೆ ಅದು ನೆನಪಾಗುವುದಿಲ್ಲ, ಅಷ್ಟೇ.

ಸಾಹೇಬರಿಂದ ಆಗದ ಕೆಲಸವನ್ನು ನಾನೇ ಮಾಡುತ್ತೇನೆ ಎಂದು ಬಸ್ಸು ಹತ್ತಿ ಹಳದೀಪುರಕ್ಕೆ ಹೋದೆ. ಅಕ್ಕನ ಅತ್ತೆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನೂ ಗದ್ದೆಯನ್ನೂ ಸಾಕಿದ ಹೆಂಗಸು. ಅವರ ಎದುರು ಮಾತಾಡುವವರು ಊರಿನಲ್ಲಿ ಇರಲಿಲ್ಲ. ಇದ್ದ ಒಂದಿಬ್ಬರೂ ಎದುರಿಗೆ ಬರುತ್ತಿರಲಿಲ್ಲ.

"ಬಂದ್ಲು ನೋಡು ರಕ್ತದಕ್ಕ! ಮೊದ್ಲೇ ಹೇಳ್ತೆ, ನಂಗೆ ರಕ್ತ ಇಲ್ಲ. ಎಲ್ಲಾ ಈ ಮನೆಗೇ ಸುರ್ದಾತು."

ನಾನು ಹೊಂಡ, ಗುಡ್ಡ, ಮಳೆ, ಜಾಲಿಯ ಆ ಹುಡುಗಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ಮದ್ದು ಕುಡೂದ್ರಿಂದ್ಲೇ ಕಾಮಾಲೆ ಬತ್ತದೆ ಅಂತ್ಯಾ?"

"ಹೌದು ಅತ್ತೆ."

"ಕೊಡೆ ಹಿಡ್ದವ್ನ ಮೇಲೇ ಮಳೆ ಬತ್ತದೆ ಅಂದಾಂಗಾತು. ಹೆಣ್ಣೇ, ಕೊಡೆ ಹಿಡೂದೇ ಮಳೆಲಿ ಹೋಗೂವವ್ರು. ಮನೇಲಿ ಕಾಮಾಲೆ ಇದ್ದವ್ರೇ ಅಲ್ಲಿ ಹೋತ್ರು. ಕೆಲವ್ರಿಗೆ ಮೊದ್ಲೇ ಹತ್ಕಂಡಿರ್ತದೆ. ಅದಕ್ಕೆ ಅಜ್ಜ ಎಂತ ಮಾಡೂಕಾತದೆ?"

ಮುಂದೆ ದೊಡ್ಡ ದೊಡ್ಡ ಸಭೆಗಳಲ್ಲಿ ಕೋಟು ಹಾಕಿಕೊಂಡವರು ನನ್ನನ್ನು ಇದೇ ಪ್ರಶ್ನೆ ಕೇಳಿದ್ದುಂಟು. ಆ ದಿನ ನಾನು ಹೊಂಡವನ್ನೇ ಹಿಡಿದುಕೊಂಡೆ. "ನೀರಾದ್ರೂ ಹೊಲ್ಸು, ಅತ್ತೆ," ಎಂದೆ.

"ನಿಂಗೆ ಕುಮಟೆ ನೀರು ಕುಡ್ದು ಕುಡ್ದು ನಮ್ ಬದಿದೆಲ್ಲ ಹೊಲ್ಸು ಕಾಣ್ತದೆ. ಬಸುರಿ ಹೆಣ್ಣು, ಮನೇಲಿ ಗಂಡ ಹಳದಿಯಾಗಿ ಬಿದ್ಕಂಡವ್ನೆ. ಇವ್ಳಿಗೂ ಹತ್ಕಂಡ್ರೆ? ಅದಕ್ಕೇ ಕುಡಿಸೂದು. ನನ್ ಸೊಸೆ ಜೀವದ್ ಕಾಳಜಿ ನಿಂಗೆ ಮಾತ್ರ ಅಂದ್ಕಂಡ್ಯಾ?"

ಕಷ್ಟವಿದ್ದದ್ದೇ ಇಲ್ಲಿ. ಅತ್ತೆ ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಒಳಗೆ ಅಕ್ಕ ಭಾವನಿಗೆ ಗಂಜಿ ಕಲಸುತ್ತಿದ್ದಳು. ಕುಡಿಯುವುದಿಲ್ಲ ಎಂದು ಹೇಳಿಬಿಡು ಎಂದೆ.

"ಹೇಳೂಕಾತಿಲ್ಲ, ತಂಗಿ. ನಾ ಕುಡೀದೆ ಅವ್ರಿಗೆ ಮದ್ದು ಹಿಡೀದಿದ್ರೆ, ಜನ್ಮಿಡೀ ನನ್ ಮೇಲೇ ಬತ್ತದೆ."

"ಕುಡಿದ್ರೆ ಜನ್ಮವೇ ಇರೂದಿಲ್ಲ, ಮಾರಾಯ್ತಿ!"

ಅವಳು ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇನ್ನೊಂದರಿಂದ ಗಂಜಿಯನ್ನು ಭಾವನ ಕಡೆ ಸರಿಸಿದಳು. ಭಾವ ಚಾಪೆಯಿಂದಲೇ, "ನಂಗೆ ಮದ್ದು ಬ್ಯಾಡ, ಬಿಡಿ," ಎಂದರು. "ನೀ ಸುಮ್ಗಿರು!" ಎಂದು ಅಂಗಳದಿಂದ ಉತ್ತರ ಬಂತು. ಆ ಮನೆಯಲ್ಲಿ ಭಾವನ ಮಾತು ಕೊನೆಯದಾಗಿರುತ್ತಿತ್ತು. ಅದಾದ ಮೇಲೆ ಯಾರೂ ಮಾತಾಡುತ್ತಿರಲಿಲ್ಲ, ಅತ್ತೆಯನ್ನು ಬಿಟ್ಟರೆ.

ಭಾನುವಾರ ಬೆಳಿಗ್ಗೆ ಸಾಹೇಬರು ಸ್ವತಃ ಜೀಪು ತೆಗೆದುಕೊಂಡು ಹಳದೀಪುರಕ್ಕೆ ಬಂದರು. ಕುಡಿಯುವ ಮುಂಚಿನ ರಕ್ತ ತಪ್ಪಿಹೋಗಬಾರದಲ್ಲ! ಅತ್ತೆಗೆ ಜೀಪಿನಲ್ಲಿ ಹೋಗುವ ಖುಷಿ. "ರಕ್ತದ್ ಜೀಪಾದ್ರೆ ಎಂತ, ಗಾಲಿ ನಾಲ್ಕದೆ ಅಲ್ಲ?" ಎನ್ನುತ್ತಾ ಮುಂದಿನ ಸೀಟಿನಲ್ಲಿ ಡ್ರೈವರನಿಗೂ ಸಾಹೇಬರಿಗೂ ನಡುವೆ ಗಟ್ಟಿಯಾಗಿ ಕುಳಿತರು. ಸಾಹೇಬರ ಅರ್ಧ ದೇಹ ಜೀಪಿನ ಹೊರಗೇ ಪ್ರಯಾಣ ಮಾಡಿತು. ಹಿಂದೆ ಭಾವ, ಅಕ್ಕ, ನಾನು, ಮಂಜುಗಡ್ಡೆಯ ಡಬ್ಬ.

ಗುಡ್ಡದ ಬುಡದಲ್ಲಿ ಜಾತ್ರೆಯಷ್ಟು ಜನ. ಹೊಂಡದ ಸುತ್ತ ಹಳದಿ ಕಣ್ಣಿನವರು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಮುಖ ತೊಳೆಯುತ್ತಿದ್ದರು, ಬಾಯಿ ಮುಕ್ಕಳಿಸಿ ಅಲ್ಲೇ ಉಗುಳುತ್ತಿದ್ದರು. ಅದೇ ಹೊಂಡಕ್ಕೆ ಕೊಡ ಅದ್ದಿ ಅಜ್ಜ ಮದ್ದಿಗೆ ನೀರು ತುಂಬಿದ. ಸಣಕಲು ಮೈ, ಮೆತ್ತಗಿನ ಮಾತು. ಮೋಸ ಮಾಡುವ ಮುಖವೇ ಅಲ್ಲ. ನಾನು ಹತ್ತಿರ ಹೋಗಿ ಕೇಳಿದೆ:

"ಅಜ್ಜಾ, ನೀರು ಕುದ್ಸಿ ಕೊಟ್ರೆ ಆತಿಲ್ವಾ?"

"ಆತಿಲ್ಲ, ತಂಗಿ. ಬಿಸಿ ಮಾಡಿರೆ ಸತ್ವ ಹೋತದೆ. ನನ್ನಪ್ಪನ ಕಾಲ್ದಿಂದ್ಲೂ ಈ ಮದ್ದು ಒಲೆ ಕಂಡದ್ದಲ್ಲ."

"ಇಲ್ಲಿಗೆ ಬರೂವವ್ರೆಲ್ಲ ಹೊಸಬ್ರಾ?"

"ಹಳಬ್ರೇ ಸುಮಾರು!" ಅಜ್ಜನ ಮುಖ ಅರಳಿತು. "ಹೋದ್ಸಲ ಜೊತಿಗೆ ಬಂದವ್ರು ಈ ಸಲ ಕಾಮಾಲೆ ಮಾಡ್ಕಂಡು ಬತ್ರು. ಬ್ಯಾರೆ ಕಡೆ ಹೋತ್ರಾ? ಇಲ್ಲ. ಇಲ್ಲಿಗೇ ಬತ್ರು. ನಂಬ್ಕೆ ನೋಡು, ನಂಬ್ಕೆ!"

ನಾನು ಓಡಿಹೋಗಿ ಸಾಹೇಬರಿಗೆ ಇದನ್ನು ಅನುವಾದಿಸಿದೆ. ಜಾಲಿಯಿಂದ ಇಲ್ಲಿಯವರೆಗೆ ನಾನು ಜೋಡಿಸಿದ್ದನ್ನೆಲ್ಲ ಅಜ್ಜ ಹೆಮ್ಮೆಯಿಂದ ಒಪ್ಪಿಕೊಂಡಂತಾಗಿತ್ತು. ಸಾಹೇಬರು ತಲೆದೂಗಿ, ಒಬ್ಬ ಮುದುಕನ ಮಾತು ಪುರಾವೆಯಾಗುವುದಿಲ್ಲ, ಎಂದರು. ಅಕ್ಕನನ್ನು ಕರೆದು ಜೀಪಿನ ಮೆಟ್ಟಿಲ ಮೇಲೆ ಕೂರಿಸಿ ರಕ್ತ ತೆಗೆದರು. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ತೃಪ್ತಿಪಟ್ಟರು.

ಅಷ್ಟರಲ್ಲಿ ಭಾವನ ಸರದಿ ಬಂತು. ಮುಖ ತೊಳೆದರು, ಕರಟ ಎತ್ತಿ ಅರ್ಧ ಕುಡಿದರು, ಮುಖ ಕಿವುಚಿದರು. ಕರಟ ಅಕ್ಕನ ಕೈಗೆ ಬಂತು. ಹಸಿರು ನೀರು, ಮೇಲೆ ಒಂದು ಗೇರೆಲೆಯ ಚೂರು. ಅಕ್ಕ ನನ್ನ ಮುಖ ನೋಡಿದಳು. ಅತ್ತೆ, "ಕಣ್ಮುಚ್ಚಿ ಕುಡಿ, ಒಂದೇ ಗುಟುಕು," ಎಂದರು.

"ಅಜ್ಜಾ," ಎಂದು ನಾನು ಕೂಗಿದೆ, "ಅರ್ಧ ಯಾರು ಕುಡಿದ್ರೂ ಆತದ್ಯಾ?"

"ಜೊತಿಗೆ ಬಂದವ್ರು ಯಾರಾದ್ರೂ ಆತು. ಚೆಲ್ಲೂಕಿಲ್ಲ, ಅಷ್ಟೇಯಾ."

ಅಕ್ಕನ ಕೈಯಿಂದ ಕರಟ ತೆಗೆದುಕೊಂಡು ನೇರವಾಗಿ ಸಾಹೇಬರ ಮುಂದೆ ಹೋಗಿ ಹಿಡಿದೆ. ಅಲ್ಲಿದ್ದ ಹಿರಿಯರಿಗೂ ಅರ್ಥವಾಗಲಿ ಎಂದು ಇಂಗ್ಲಿಷ್ ಬಿಟ್ಟು, ಕೊಂಕಣಿ ಬೆರೆತ ನನ್ನ ಹರಕು ಮರಾಠಿಯಲ್ಲೇ ಹೇಳಿದೆ: "ಸಾಹೇಬ್, ಇದರಲ್ಲಿ ಕಾಮಾಲೆ ಇದೆ ಎನ್ನುವುದಕ್ಕೆ ಪುರಾವೆಯಿಲ್ಲ ಎಂದಿರಿ. ನೀವೂ ಜೊತೆಗೆ ಬಂದವರೇ. ಕುಡಿಯಿರಿ. ಕುಡಿಯುವ ಮೊದಲು ಒಮ್ಮೆ, ಆಮೇಲೆ ವಾರಕ್ಕೊಮ್ಮೆ, ನಿಮ್ಮ ರಕ್ತ ನಾನು ತೆಗೆಯುತ್ತೇನೆ."

ಸಾಹೇಬರು ಕರಟ ನೋಡಿದರು. ಹೊಂಡ ನೋಡಿದರು. ಹೊಂಡದಲ್ಲಿ ಆಗಷ್ಟೇ ಒಬ್ಬ ಮುಕ್ಕಳಿಸಿ ಉಗುಳಿದ. "ನಕೋ," ಎಂದರು. ಬೇಡ ಎನ್ನುವ ಅಷ್ಟು ಮರಾಠಿ ಅಲ್ಲಿದ್ದವರಿಗೆಲ್ಲ ತಿಳಿಯುತ್ತಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋದೆ. "ನಕೋ, ನಕೋ!" ಎಂದು ಹಿಂದೆ ಸರಿದು ಸರಿದು ಬೆನ್ನು ಜೀಪಿಗೆ ಬಡಿದ ಮೇಲೆಯೇ ನಿಂತರು.

ನೀವೇ ಏಕೆ ಕುಡಿಯಲಿಲ್ಲ ಎಂದು ನಿಮ್ಮಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತೀರಿ. ಕುಡಿಯುವುದೆಂದೇ ಕರಟ ಎತ್ತಿದೆ. ಬಾಯಿಗೆ ಬರುವಷ್ಟರಲ್ಲಿ ಅದು ನನ್ನ ಕೈಯಲ್ಲಿರಲಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದು ಅದನ್ನು ಕಸಿದುಕೊಂಡಿದ್ದರು.

"ನಕೋ ಅಂದ?"

"ಹೌದು ಅತ್ತೆ."

"ಇಷ್ಟ್ ದೊಡ್ಡ ಡಾಕ್ಟ್ರು. 'ಇದ್ರಲ್ಲಿ ಕಾಮಾಲೆ ಇದ್ದದ್ದಕ್ಕೆ ಪುರಾವೆ ಇಲ್ಲ' ಅಂದವ. ನಕೋ ಅಂದ?"

ಅತ್ತೆ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಸೊಸೆಯ ಹೊಟ್ಟೆ ನೋಡಿದರು. ನಾನು ಒಂದು ವಾರ ಬಾಯಿ ನೋಯಿಸಿಕೊಂಡು ಹೇಳಿದ್ದು ಹೋಗದ ಕಡೆಗೆ ಆ ಎರಡು ಅಕ್ಷರ ಹೋಗಿ ಕೂತಿತ್ತು.

"ಹಾಂಗಾರೆ ಇವ್ಳಿಗೆ ಬ್ಯಾಡ."

"ನಾ ಕುಡೀತೆ, ಕೊಡಿ," ಎಂದೆ.

"ನೀನಾ? ಸುಮ್ಮನಿದ್ರೇ ನಿನ್ನ ಯಾರೂ ಒಪ್ತಾ ಇಲ್ಲ. ಹಳದಿ ಆದ್ರೆ ಕೇಳೂದೇ ಬ್ಯಾಡ."

"ಚೆಲ್ಲಿ ಬಿಡಿ ಅತ್ತೆ, ಹಾಗಾದ್ರೆ!"

"ಚೆಲ್ಲೂದಾ? ನನ್ ಮಗಂಗೆ ಮದ್ದು ಹಿಡೀದಿದ್ರೆ ನಿನ್ ಸಾಹೇಬ ಬಂದು ಗದ್ದೆ ಹೂಡ್ತ್ನಾ?"

ಅಷ್ಟು ಹೇಳಿ, ಕರಟ ಎತ್ತಿ, ಗೇರೆಲೆಯ ಚೂರು ಸಮೇತ ಒಂದೇ ಗುಟುಕಿಗೆ ಕುಡಿದುಬಿಟ್ಟರು. ಸೆರಗಿನಿಂದ ಬಾಯಿ ಒರೆಸಿಕೊಂಡರು. "ಥೂ, ಕಹಿ. ನಡೀರಿ, ಜೀಪು ಹತ್ತಿ."

ಭಾವ ಗುಣವಾದರು. ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ಗುಣವಾಗುತ್ತದೆ, ಆದರೆ ಹಳದೀಪುರದಲ್ಲಿ ಗುಣವಾದದ್ದು ಮದ್ದಿನಿಂದ. ತಿಂಗಳು ದಾಟುತ್ತಿದ್ದ ಹಾಗೆ ಅತ್ತೆಯ ಕಣ್ಣು ಹಳದಿಯಾಯಿತು. ನಾನು ಹೇಳಿದ್ದೇ ನಿಜವಾಯಿತೆಂದು ಕುಣಿಯುವ ಹಾಗಿರಲಿಲ್ಲ. ಅವರಿಗೆ ಕಾಮಾಲೆ ಜೋರಾಗಿಯೇ ಬಂತು, ಒಂದು ಹಂತದಲ್ಲಿ ಮಾತೂ ನಿಂತಿತು. ಊರಿಗೆ ಊರೇ ಹೆದರಿತು. ಆದರೆ ಮಾತು ನಿಲ್ಲುವ ಮೊದಲೇ ಅವರು ಎಲ್ಲ ವ್ಯವಸ್ಥೆ ಮಾಡಿಯಾಗಿತ್ತು: ಕೊಟ್ಟಿಗೆಯ ಪಕ್ಕದ ಕೋಣೆಗೆ ತಾವೇ ಚಾಪೆ ಒಯ್ದರು, ತಮ್ಮ ತಟ್ಟೆ ಲೋಟ ಬೇರೆ ಮಾಡಿದರು, ಸೊಸೆ ಆ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದರು. ಸೊಸೆಗೆ ಕುದಿಸಿದ ನೀರು ಮಾತ್ರ ಎಂದು ಮಗನಿಗೆ ಅಪ್ಪಣೆಯಾಯಿತು. ಹೊಂಡದ ಕಥೆಯನ್ನು ಅವರು ನಂಬಿದ್ದರೇ? ಕೇಳಿದರೆ, "ನಿನ್ನ ಯಾರು ನಂಬ್ತ್ರು? ಅವ್ನ ಮುಖ ನೋಡಿ ನಂಬ್ದೆ," ಎನ್ನುತ್ತಿದ್ದರು.

ಅತ್ತೆ ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನು ಹೆದರುತ್ತಲೇ ಸೂಜಿ ತೆಗೆದುಕೊಂಡು ಹೋದೆ. ತೋಳು ಚಾಚಿ, "ತಕ್ಕ. ಮೊಮ್ಮಗು ನೋಡೂವಷ್ಟು ಬಿಟ್ಟು, ಉಳದದ್ದೆಲ್ಲ ತಕ್ಕ," ಎಂದರು.

ನೀವೂ ಮದ್ದಿಗೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಹೋಗಿ? ಅರ್ಧ ಕುಡೂಕೆ ಯಾರ್ನ ಕರ್ಕಂಡು ಹೋಗ್ಲಿ? ನಿನ್ ಸಾಹೇಬ ಬತ್ನಾ?"

ಮಗು ಹುಟ್ಟಿತು. ಹೆಣ್ಣು. ಅಕ್ಕನ ಕಣ್ಣಿನ ಬಿಳಿ ಬಿಳಿಯಾಗಿಯೇ ಇತ್ತು. ಕೋಣೆಯ ಬಾಗಿಲಲ್ಲೇ ನಿಂತು ದೂರದಿಂದ ಮೊಮ್ಮಗಳನ್ನು ನೋಡಿದ ಅತ್ತೆ, "ಹೆಣ್ಣಾ? ಆತು. ಇದಕ್ಕೂ ಸೂಜಿ ಚುಚ್ಚೂ ಕೆಲ್ಸ ಕಲಿಸ್ಬೇಡ," ಎಂದು ನನ್ನ ಕಡೆ ಕಣ್ಣು ಬಿಟ್ಟರು. ಆ ಕಣ್ಣು ಇನ್ನೂ ಸ್ವಲ್ಪ ಹಳದಿಯಿತ್ತು.

ಆಮೇಲೆ ನಡೆದದ್ದು ಇನ್ನೂ ಚೆನ್ನಾಗಿದೆ. ಹೊಂಡದ ನೀರು ಹೊಲಸು ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ, ಯಾರೂ ಕಿವಿಗೊಡಲಿಲ್ಲ. ಆದರೆ ಜೀಪಿನ ಸಾಹೇಬ ನಕೋ ನಕೋ ಎನ್ನುತ್ತಾ ಓಡಿದ ಸುದ್ದಿ ಬಸ್ಸಿಗಿಂತ ಮೊದಲು ಕುಮಟೆಗೂ, ಲಾಂಚಿಗಿಂತ ಮೊದಲು ಭಟ್ಕಳಕ್ಕೂ ಮುಟ್ಟಿತು. ಜನ ಉಳಿದರ್ಧವನ್ನು ಕುಡಿಯುವುದು ಬಿಟ್ಟರು. ಚೆಲ್ಲುವ ಹಾಗಿಲ್ಲವಲ್ಲ, ಅದಕ್ಕೆ ತೆಂಗಿನ ಬುಡಕ್ಕೆ 'ಕುಡಿಸಿದರು'. ಅಜ್ಜನ ಅಂಗಳದ ಆ ಮರಕ್ಕೆ ಕಾಮಾಲೆ ಬಂದ ವರದಿಯಿಲ್ಲ. ಬರಬರುತ್ತಾ ಕಾಮಾಲೆ ಇಳಿಯಿತು. ಇದೆಲ್ಲ ಆರೋಗ್ಯ ಶಿಕ್ಷಣದ ಫಲ ಎಂದು ಸಾಹೇಬರು ಮೇಲಿನವರಿಗೆ ಬರೆದರು. ಸುಳ್ಳೇನಲ್ಲ. ಶಿಕ್ಷಣ ಕೊಟ್ಟವರು ಅವರೇ.

ನನ್ನನ್ನು ಅವರು ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡರು. ಕೋಪವಿರಲಿಲ್ಲ ಅವರಿಗೆ, ಅಷ್ಟು ಸಭ್ಯರೆಂದು ಮೊದಲೇ ಹೇಳಿದ್ದೇನೆ. ಅಲ್ಲಿ ಪಾತ್ರೆ ತೊಳೆಯುತ್ತಾ, ಓದುತ್ತಾ, ಪರೀಕ್ಷೆ ಬರೆಯುತ್ತಾ ನಾನೂ ಒಬ್ಬ ವಿಜ್ಞಾನಿಯಾದೆ. ಅತ್ತೆಯ ರಕ್ತದ ನಳಿಗೆ ಬಂಗುಡೆಯ ವಾಸನೆ ಕಳೆದುಕೊಂಡು ಶೀತಪೆಟ್ಟಿಗೆಯ ತಳದಲ್ಲಿ ಮಲಗಿತು. ಕಾಮಾಲೆಯ ವೈರಸ್ಸುಗಳಿಗೆ ಒಂದೊಂದಾಗಿ ಎ, ಬಿ ಎಂದು ಇಂಗ್ಲಿಷ್ ಅಕ್ಷರಗಳು ಸಿಕ್ಕವು. ನಮ್ಮ ಊರಿನದ್ದು ಎರಡೂ ಅಲ್ಲ ಎಂದು ಗೊತ್ತಾಗಲು ಒಂದು ಕಾಲ ಬೇಕಾಯಿತು, ಹಾಗಾದರೆ ಯಾವುದು ಎಂದು ಗೊತ್ತಾಗಲು ಇನ್ನೊಂದು ಕಾಲ. ನಡುವೆ ಲಸಿಕೆಯ ಕೆಲಸ. ಲಸಿಕೆ ಎಂದರೆ ಗುಡ್ಡದ ಅಜ್ಜನ ತಲೆನೋವೇ: ವೈರಸ್ಸನ್ನು ಕೊಲ್ಲಬೇಕು, ಸತ್ವ ಹೋಗಬಾರದು. ರೋಗಿಯದ್ದನ್ನು ಸ್ವಲ್ಪ ಗಟ್ಟಿಮುಟ್ಟಾದವರಿಗೆ ಕುಡಿಸಿ ಕಾಪಾಡುವ ಉಪಾಯವೂ ತಪ್ಪಲ್ಲ. ಕೊಲ್ಲುವುದನ್ನು ಮಾತ್ರ ಮರೆತಿದ್ದರು.

ಕೊನೆಗೆ ಹೊಸ ಪರೀಕ್ಷೆ ಕೈಗೆ ಬಂದಾಗ ಅತ್ತೆಯ ನಳಿಗೆಯನ್ನೇ ಮೊದಲು ಕರಗಿಸಿದೆ. ಉತ್ತರ ಸ್ಪಷ್ಟವಾಗಿತ್ತು. ಆ ಖುಷಿಗೆ ರಜೆ ಹಾಕಿ ಹಳದೀಪುರಕ್ಕೆ ಹೋದೆ. ಅತ್ತೆ ಬಹಳ ಮುದುಕಿಯಾಗಿದ್ದರು, ಜಗಲಿಯಲ್ಲಿ ಕುಳಿತು ಇಡೀ ಮನೆಯನ್ನು ಬೈಯುತ್ತಿದ್ದರು. ಅಕ್ಕ, ಭಾವ ಒಳಗೆ ಹೊರಗೆ ಓಡಾಡುತ್ತಿದ್ದರು. ತಾಯಿಯ ಹೊಟ್ಟೆಯಲ್ಲಿ ಗುಡ್ಡದವರೆಗೆ ಹೋಗಿ ಬಂದಿದ್ದ ಮೊಮ್ಮಗಳು ಹೆರಿಗೆಗೆಂದು ಬಂದಿದ್ದಳು.

"ಅತ್ತೆ, ನಿಮ್ಮ ಕಾಮಾಲೆಗೆ ಈಗ ಹೆಸ್ರು ಇಟ್ರು," ಎಂದು ಕಿವಿಯ ಹತ್ತಿರ ಕೂಗಿದೆ.

"ಎಂತ ಹೆಸ್ರು?"

"ಇ."

"ಇ? ಮುಂದೆ?"

"ಅಷ್ಟೇ."

"ಇಷ್ಟು ವರ್ಷ ಓದಿ ಒಂದೇ ಅಕ್ಷರವಾ?" ಎಂದು ಬೊಚ್ಚು ಬಾಯಿ ತುಂಬ ನಕ್ಕರು. "ಮದ್ದು ಸಿಕ್ತಾ?"

"ಇನ್ನೂ ಇಲ್ಲ. ಬರದ ಹಾಗೆ ಲಸಿಕೆ ಮಾಡ್ತಾ ಇದ್ದೇವೆ."

"ಮೊದ್ಲು ನೀ ಕುಡ್ದು ತೋರ್ಸು. ನಕೋ ಅಂದ್ರೆ ಗೊತ್ತಾತದೆ ನಂಗೆ."

ಮೊಮ್ಮಗಳು ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ನನಗೆ ಒಂದು ಚೊಂಬು ನೀರು ತಂದುಕೊಟ್ಟಳು. ಬಾಯಿಗೆ ಎತ್ತುವ ಮೊದಲು ಅಭ್ಯಾಸಬಲದಿಂದ ಚೊಂಬಿನೊಳಗೆ ಇಣುಕಿದೆ. ಅತ್ತೆಯ ಕಿವಿ ಹೋಗಿತ್ತು, ಕಣ್ಣು ಹೋಗಿರಲಿಲ್ಲ.

"ಕುದ್ಸಿದ್ದೇಯಾ," ಎಂದರು. "ಸತ್ವ ಎಲ್ಲಾ ಹೋಗ್ಯದೆ. ಹೆದ್ರಬ್ಯಾಡ, ಕುಡಿ."